ಹೆರಿಗೆ ಕೋಣೆಗೆ ಬಂದ ಕಂಪ್ಯೂಟರ್

ನಮ್ಮೂರ ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆ ಎಷ್ಟು ಸೋರುತ್ತಿತ್ತೆಂದರೆ, ಹೆರಿಗೆಗೆ ಬರುವವರು ಛತ್ರಿ ಹಿಡಿದೇ ಬರುತ್ತಿದ್ದರು. ಆಯಾ ನೀಲವ್ವ ರಿಪೇರಿ ಕೇಳಿದಾಗಲೆಲ್ಲ ಜಿಲ್ಲೆಯ ದೊಡ್ಡ ಸಾಹೇಬರದು ಒಂದೇ ಮಾತು: "ಅನುದಾನ ಬಂದಿರೋದು ಆಸ್ಪತ್ರೆ ಡಿಜಿಟಲ್ ಮಾಡೋಕೆ. ಚಾವಣಿಗೆ ಬಿಡಿಗಾಸೂ ಇಲ್ಲ."

ಕೊನೆಗೆ ಕಂಪ್ಯೂಟರ್ ಬಂತು. ಅದಕ್ಕೆ ದಿನಾ ಹೊಸ ಡೇಟಾ ತುಂಬಬೇಕೆಂಬ ಆಜ್ಞೆಯೂ ಬಂತು. ನೀಲವ್ವ ಅದನ್ನು ಸೀದಾ ಹೆರಿಗೆ ಕೋಣೆಯಲ್ಲಿ ಇಡಿಸಿ, ಮೇಲೊಂದು ಛತ್ರಿ ಬಿಚ್ಚಿ, ಫೋನ್ ಮಾಡಿದಳು: "ಕಂಪ್ಯೂಟರ್ ಮ್ಯಾಲ ನೀರು ಬೀಳಾಕತ್ತೈತ್ರಿ ಸಾಹೇಬ್ರ."

ಮರುದಿನವೇ ಚಾವಣಿ ರಿಪೇರಿಯಾಯಿತು. "ಧೂಳು ಕೂಡತೈತ್ರಿ" ಅಂದಳು, ನೆಲಕ್ಕೆ ಟೈಲ್ಸ್ ಬಂತು. "ಪಾಪ, ಅದಕ್ಕ ಶೆಕಿ ಆಗತೈತ್ರಿ" ಅಂದಳು, ಏಸಿ ಬಂತು. ಕರೆಂಟು ಹೋದರೆ ಅದು ಗಾಬರಿಯಾಗುತ್ತದೆ ಅಂದಳು, ಜನರೇಟರ್ ಕೂಡ ಬಂತು.

ತಪಾಸಣೆಗೆಂದು ಬಂದ ಸಾಹೇಬರು ಬಾಗಿಲಲ್ಲೇ ನಿಂತರು. ಮೂಲೆಯಲ್ಲಿ ಕಂಪ್ಯೂಟರ್, ಸುತ್ತಲೂ ತಣ್ಣಗೆ ಮಲಗಿದ ಬಾಣಂತಿಯರು.

"ಇಷ್ಟು ಖರ್ಚು ಮಾಡಿದ ಕಂಪ್ಯೂಟರ್ ಕೋಣೆಯಲ್ಲಿ ಹೆರಿಗೆ ಮಾಡಿಸ್ತೀರಾ?" ಎಂದು ಗುಡುಗಿದರು.

ನೀಲವ್ವ ಬಟ್ಟೆ ಸುತ್ತಿದ ಕೂಸನ್ನು ಮೆಲ್ಲಗೆ ಅವರ ಕೈಗಿಟ್ಟಳು.

"ದಿನಾ ಹೊಸಾ ಡೇಟಾ ಬೇಕಂದಿದ್ರಲ್ರಿ ಸಾಹೇಬ್ರ. ತಗೋರಿ, ಇದು ಈಗಷ್ಟ ಹುಟ್ಟೈತಿ."