ಚೌಡಮ್ಮನ ಗೋಡೆ

ಗಿರಣಿಯ ಹಿಂದಿನ ಗಲ್ಲಿಗೆ ಮೊದಲು ಬಂದವರು ನಾಲ್ಕು ಗೋಡೆ ಕಟ್ಟಿದರು. ಆಮೇಲೆ ಬಂದವರು ಕಟ್ಟಿದ್ದು ಮೂರೇ. ನಾಲ್ಕನೆಯದು ಪಕ್ಕದ ಮನೆಯವರದು. ಗಲ್ಲಿ ಬೆಳೆದದ್ದೇ ಹೀಗೆ.

ಹೂ ಮಾರುವ ಚೌಡಮ್ಮ ತನ್ನ ಮನೆ ಮೇಲೆ ಪುಟ್ಟ ಕೋಣೆ ಎಬ್ಬಿಸಿ, ಕಿಟಕಿ ಇಟ್ಟಳು. ಪಕ್ಕದ ಮನೆಯ ಮುನಿವೆಂಕಟಪ್ಪ ಗಲ್ಲಿಯ ಮುಖಂಡ. ಅವನಿಗೆ ಅನ್ನ ಸೇರದಾಯಿತು. ಸಂಜೆ ಅವಳು ಕಿಟಕಿಯಲ್ಲಿ ಗಾಳಿಗೆ ಕೂತದ್ದು ಕಂಡರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ಬೆಳಿಗ್ಗೆ ಹಾರೆ ಹಿಡಿದ ಆಳುಗಳನ್ನು ಕರೆದುಕೊಂಡೇ ಬಂದ. "ಏನಮ್ಮಾ, ಮುಖಂಡನ ಮನೆಗಿಂತ ನಿನ್ನ ಮನೆ ಎತ್ತರವೋ? ಬುಡಸಮೇತ ಕೆಡವಿಸ್ತೀನಿ!"

"ಕೆಡವಿಸಣ್ಣ," ಅಂದಳು ಚೌಡಮ್ಮ, ಹೂ ಕಟ್ಟುತ್ತಲೇ. "ನಮ್ಮಿಬ್ಬರ ಮನೆ ನಡುವಿನ ಈ ಗೋಡೆ ನಮ್ಮತ್ತೆ ಕಟ್ಟಿದ್ದು. ಆಮೇಲೆ ಬಂದ ನಿಮ್ಮಪ್ಪ ಇದರ ಮೇಲೇ ಮಾಡಿನ ಶೀಟು ಕೂರಿಸಿದ್ರು. ಮೊದಲು ನಿನ್ನ ಶೀಟು ಇಳಿಸ್ಕೋ. ಆಮೇಲೆ ಹಾರೆ ಹಾಕ್ಸು."

ಆಳುಗಳು ಮುಖಂಡನ ಮುಖ ನೋಡಿದರು. ಮುಖಂಡ ಗೋಡೆ ನೋಡಿದ. ಪಕ್ಕದ ಮನೆಯೊಳಗಿನಿಂದ ಅವನ ಹೆಂಡತಿ ಕೂಗಿದಳು: "ರೀ, ಸ್ವಲ್ಪ ತಡೀರಿ! ಒಲೆ ಮೇಲೆ ಸಾರಿದೆ, ಮುಚ್ಚಳ ಹಾಕ್ತೀನಿ!"

ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಸಿಮೆಂಟು ಮೆತ್ತುವವನು ಮುನಿವೆಂಕಟಪ್ಪನೇ. ಚೌಡಮ್ಮ ಮೇಲಿನ ಕಿಟಕಿಯಲ್ಲಿ ಗಾಳಿಗೆ ಕೂತು, "ಆ ಮೂಲೆಗೂ ಒಂಚೂರು ಹಾಕಣ್ಣ," ಅನ್ನುತ್ತಾಳೆ.