ಉಳಿಕೆ ಹುಂಜ

ಹುಣಸೆತೋಪಿನ ಪೂಜ್ಯ ಶರಣಾಂಬಾ ತಾಯಿಯವರು ಮಠ ಕಟ್ಟಿಸಲಿಲ್ಲ, ಪ್ರವಚನ ಹೇಳಲಿಲ್ಲ. ಊರಾಚೆಯ ಹಳೇ ತೋಪಿನಲ್ಲಿ, ತಗಡಿನ ಸೂರಿನ ಕೆಳಗೆ ಕೂತು, ಬೇಸಗೆಯುದ್ದಕ್ಕೂ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಆ ಹಣ್ಣು ಮಾರಿ ಬಂದದ್ದರಲ್ಲಿ ಬಂದವರಿಗೆಲ್ಲ ಅನ್ನ ಸಾರು ನಡೆಯುತ್ತಿತ್ತು. ಹುಣಸೆಮರದಲ್ಲಿ ದೆವ್ವವಿರುತ್ತದೆಂದು ಊರವರು ಕತ್ತಲಾದ ಮೇಲೆ ಅತ್ತ ಸುಳಿಯುತ್ತಿರಲಿಲ್ಲ. ಹಗಲಲ್ಲಿ ಮಾತ್ರ, ತಮಗೆ ಬೇಡವಾದದ್ದನ್ನು ಬಿಟ್ಟುಬರಲು ಹೋಗುತ್ತಿದ್ದರು. ಕುಂಟ ಕರು, ಗಾಜು ಒಡೆದ ದೇವರ ಪಟ, ಒಮ್ಮೊಮ್ಮೆ ಮನುಷ್ಯರು. ತಾಯಿಯವರು ಯಾವುದನ್ನೂ ಬೇಡವೆಂದದ್ದಿಲ್ಲ.

ಅಲ್ಲಿಗೆ ಒಂದು ಮಧ್ಯಾಹ್ನ ಹೊನ್ನಗಂಗಯ್ಯ ಮೇಷ್ಟ್ರು, ಕಾಲು ಕಟ್ಟಿದ ಹುಂಜವೊಂದನ್ನು ಕಂಕುಳಲ್ಲಿ ಅವಚಿಕೊಂಡು ಬಂದರು.

ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು. ದೇವರನ್ನು ನಂಬುತ್ತಿರಲಿಲ್ಲ, ನಂಬುವವರೊಡನೆ ವಾದಿಸುವ ಉತ್ಸಾಹವೂ ಈಚೆಗೆ ಬತ್ತಿಹೋಗಿತ್ತು. ತಾಯಿಯವರ ದರ್ಶನ ಅವರಿಗೆ ಬೇಕಿರಲಿಲ್ಲ. ಹುಂಜಕ್ಕೊಂದು ಜಾಗ ಬೇಕಿತ್ತು, ಅಷ್ಟೆ.

ಅವರ ಹೆಂಡತಿ ಜಯಶೀಲಾ ಹಾಸಿಗೆ ಹಿಡಿದಾಗ ಅತ್ತೆ ಒಂದು ಹುಂಜದ ಮರಿ ತಂದಿದ್ದರು. ಮಗಳು ಎದ್ದು ಓಡಾಡಿದರೆ ಮಾರಮ್ಮನಿಗೆ ಇದನ್ನು ಒಪ್ಪಿಸುತ್ತೇನೆಂದು ಹರಕೆ ಹೊತ್ತು, ತಮ್ಮ ಕಡೆಯ ಪದ್ಧತಿಯಂತೆ ಗುರುತಿಗೆ ಅದರ ಕಾಲ್ಬೆರಳೊಂದರ ತುದಿ ಕತ್ತರಿಸಿದರು. ಮೇಷ್ಟ್ರು ತಡೆಯಲಿಲ್ಲ. ಡಾಕ್ಟರ ಮಾತೂ ಹೆಚ್ಚುಕಮ್ಮಿ ಹರಕೆಯಂತೆಯೇ ಕೇಳಿಸುತ್ತಿದ್ದ ಕಾಲ ಅದು. ಜಯಶೀಲಾ ಮಲಗಿದಲ್ಲಿಂದಲೇ ಅನ್ನದಗುಳು ಎಸೆದೆಸೆದು ಅದನ್ನು ಸಾಕಿದರು. ಕೊನೆಗೆ ಒಂದು ಸಂಜೆ ಗಂಡನನ್ನು ಹತ್ತಿರ ಕರೆದು, "ಇದನ್ನ ಕುಯ್ಯಿಸಬೇಡಿ. ಒಂದು ಒಳ್ಳೆ ಮನೆ ನೋಡಿ ಕೊಡಿ," ಎಂದರು. ಮೇಷ್ಟ್ರು ಹೂಂ ಎಂದರು. ಹೆಂಡತಿಗೆ ಅವರು ಕೊಟ್ಟ ಕೊನೆಯ ಮಾತು ಅದು.

ಹರಕೆ ಫಲಿಸಲಿಲ್ಲ. ಆದ್ದರಿಂದ ಮಾರಮ್ಮನಿಗೆ ಹುಂಜ ಸಲ್ಲಬೇಕಾಗಿಲ್ಲ. ಆದರೆ ಒಮ್ಮೆ ದೇವರ ಹೆಸರಿಗೆ ಬಿಟ್ಟ ಹಕ್ಕಿಯನ್ನು ತಿನ್ನುವ, ಮಾರುವ, ಸಾಕುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇಲ್ಲ. ಅಂಥದ್ದಕ್ಕೆ ಅವರಲ್ಲಿ ಒಂದು ಹೆಸರೇ ಇದೆ: ಉಳಿಕೆ. ಯಾರಿಗಾಗಿ ಹರಕೆಯೋ ಅವರನ್ನು ಕಳಿಸಿ, ತಾನು ಉಳಿದುಕೊಂಡದ್ದು.

ಮೇಷ್ಟ್ರು ಮನೆ ನೋಡತೊಡಗಿದರು. "ಏನ್ ಮೇಷ್ಟ್ರೇ, ಹುಂಜಕ್ಕೆ ಒಳ್ಳೆ ಮನೆ ಹುಡುಕ್ತಿದೀರಂತೆ? ಜಾತಕ ತಂದಿದೀರಾ?" ಎಂದು ಪಕ್ಕದ ಮನೆಯವರು ನಕ್ಕರು. ತೋಟವಿದ್ದ ಗೆಳೆಯರೊಬ್ಬರು ಫೋನಿನಲ್ಲಿ ಒಪ್ಪಿಕೊಂಡರು. ಹುಂಜ ಒಯ್ದಾಗ ಅದರ ಕತ್ತರಿಸಿದ ಬೆರಳು ಕಂಡೊಡನೆ ಗೇಟಿನಿಂದಲೇ ಕೈಮುಗಿದು ಕಳಿಸಿದರು. ಗೋಶಾಲೆಯಿದ್ದ ಮಠವೊಂದರ ಮ್ಯಾನೇಜರು, "ಹಸು ಆಗಿದ್ರೆ ನೋಡಬಹುದಿತ್ತು ಸಾರ್. ಕೋಳಿ ಇಟ್ಕೊಂಡ್ರೆ ಜನ ನಮ್ಮ ಅಡುಗೆಮನೇಲಿ ವಾಸನೆ ಹುಡುಕ್ತಾರೆ," ಎಂದರು.

ತಿಥಿಯ ದಿನ ಅತ್ತೆ ಹುಂಜವನ್ನೂ ಅಳಿಯನನ್ನೂ ಒಟ್ಟಿಗೆ ನೋಡಿ, "ನನ್ ಮಗಳು ಹೋದ್ಲು. ಇವೆರಡೂ ಗುಂಡುಕಲ್ಲಿನಂಗೆ ಉಳ್ಕೊಂಡ್ವು," ಎಂದಿದ್ದರು. ಮೇಷ್ಟ್ರು ಆ ಮಾತನ್ನು ತರ್ಕದಿಂದ ತಳ್ಳಿಹಾಕಿದ್ದರು. ತಳ್ಳಿದ್ದು ಬಹಳ ದೂರ ಹೋಗಿರಲಿಲ್ಲ.

ಮೇಷ್ಟ್ರು ತೋಪಿಗೆ ಬಂದಾಗ ತಾಯಿಯವರು ಕೊಡತಿಯಿಂದ ಹಣ್ಣು ಕುಟ್ಟುತ್ತಿದ್ದರು, ತಲೆ ಎತ್ತಲಿಲ್ಲ. ಅವರ ಸೇವೆಗಿದ್ದ ಕೆಂಪಕ್ಕ ಎದ್ದು ಬಂದಳು.

"ಏನ್ ಸಾಮಿ, ಕೋಳಿನಾ? ಇಲ್ ಯಾರೂ ತಿನ್ನಾಕಿಲ್ಲ."

"ತಿನ್ನೋಕಲ್ಲಮ್ಮ. ಬಿಟ್ಟುಹೋಗೋಣ ಅಂತ."

ಕೆಂಪಕ್ಕನ ಕಣ್ಣು ಹುಂಜದ ಕಾಲಿಗೆ ಹೋಯಿತು. "ಅಯ್ಯೋ ಶಿವನೇ! ಅವ್ವಾ, ಬೆರಳ್ ನೋಡಿಲ್ಲಿ, ಇದು ಉಳಿಕೆ! ಸಾಮಿ, ಒಳಕ್ ಬರಬ್ಯಾಡಿ, ಅಲ್ಲೇ ನಿಂತ್ಕಳಿ. ಉಂಡ ಮನೇನೇ ತೊಳೀತದೆ ಇದು."

ಮೇಷ್ಟ್ರು "ಸರಿ" ಎಂದು ತಿರುಗಿದರು. ಈ ಬಿಸಿಲಲ್ಲಿ ಮತ್ತೆ ಬಸ್ ಸ್ಟ್ಯಾಂಡಿನವರೆಗೂ ನಡೆಯಬೇಕಲ್ಲ ಎಂಬುದೊಂದೇ ಅವರ ತಲೆಯಲ್ಲಿದ್ದದ್ದು.

ಕೊಡತಿಯ ಸದ್ದು ನಿಂತಿತು.

"ಕೆಂಪಕ್ಕ," ಎಂದರು ತಾಯಿಯವರು. "ನನ್ನ ಕೈಯಲ್ಲಿ ಎಷ್ಟು ಕಾಲದಿಂದ ಉಣ್ತಿದ್ದೀಯ?"

"ಲೆಕ್ಕ ಯಾರ್ ಇಟ್ಟವ್ರೆ ನನ್ನವ್ವಾ."

"ನಿನಗೇನಾದರೂ ಕೇಡಾಯಿತಾ?"

"ನಂಗೇನ್ ಆಯ್ತದೆ? ಗಟ್ಟಿಯಾಗೇ ಇವ್ನಿ."

"ನಾನೂ ಉಳಿಕೆಯೇ."

ಕೆಂಪಕ್ಕ ನಗಲು ಹೋಗಿ ನಿಲ್ಲಿಸಿದಳು. ತಾಯಿಯವರು ಹುಣಸೆಹಣ್ಣಿನ ಧಾರಣೆ ಹೇಳುವಷ್ಟೇ ಸಮಾಧಾನದಿಂದ ಹೇಳಿದರು: "ನಮ್ಮಣ್ಣ ಬದುಕಿದರೆ ನನ್ನನ್ನ ದೇವರಿಗೆ ಬಿಡ್ತೀವಿ ಅಂತ ಹರಕೆ ಹೊತ್ತಿದ್ದರು. ಅಣ್ಣ ಹೋದ. ಆಮೇಲೆ ಮನೆಯಲ್ಲಿ ನನ್ನ ಮುಖ ನೋಡೋಕಾಗದೆ, ತಂದು ಈ ತೋಪಿನಲ್ಲಿ ಬಿಟ್ಟರು."

ಕೆಂಪಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು.

ತಾಯಿಯವರು ಆಗ ಮೊದಲ ಸಲ ಮೇಷ್ಟ್ರನ್ನು ದಿಟ್ಟಿಸಿದರು. ಹುಂಜದ ಕಡೆ ಅವರ ದೃಷ್ಟಿ ಹೋಗಲೇ ಇಲ್ಲ.

"ಉಳಿದದ್ದು ತಪ್ಪಲ್ಲಪ್ಪಾ."

ಮೇಷ್ಟ್ರು ಕೂತು ಹುಂಜದ ಕಾಲಿನ ಹಗ್ಗ ಬಿಚ್ಚಲು ನೋಡಿದರು. ಗಂಟು ಬಿಗಿದಿತ್ತು. ಕೆಂಪಕ್ಕನೇ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಹಲ್ಲಿನಿಂದ ಗಂಟು ಸಡಿಲಿಸಿದಳು. ಹುಂಜ ಎದ್ದು ರೆಕ್ಕೆ ಕೊಡವಿತು. ಒಂದು ಹುಣಸೆಬೀಜ ಕುಕ್ಕಿ ನೋಡಿ, ರುಚಿಸದೆ ಉಗುಳಿ, ತೋಪಿನೊಳಕ್ಕೆ ನಡೆಯಿತು.

"ಇದುಕ್ಕೆ ಏನ್ ಹಾಕ್ತಿದ್ರಿ ಸಾಮಿ?" ಎಂದು ಕೆಂಪಕ್ಕ ಕೇಳಿದಳು.

"ಅನ್ನದಗುಳು," ಎಂದರು ಮೇಷ್ಟ್ರು. "ನಾನಲ್ಲ. ನನ್ನ ಹೆಂಡತಿ ಹಾಕ್ತಿದ್ದಳು."

ಮಣ್ಣು ಮಾಡುವಾಗಲೂ ಅಳದಿದ್ದ ಆ ಮನುಷ್ಯ ಅಲ್ಲಿ ಅತ್ತರು. ತಾಯಿಯವರು ಸಮಾಧಾನ ಹೇಳಲಿಲ್ಲ. ಅಳು ತಾನಾಗಿ ನಿಂತ ಮೇಲೆ, ತಮ್ಮ ಮುಂದಿದ್ದ ಹಣ್ಣಿನ ರಾಶಿಯಲ್ಲಿ ಅರ್ಧವನ್ನು ಅವರತ್ತ ಸರಿಸಿದರು. ಮೇಷ್ಟ್ರು ಕಾಲಿಗೆರಗಲು ಬಗ್ಗಿದಾಗ ಪಾದ ಹಿಂದಕ್ಕೆಳೆದುಕೊಂಡು, "ಕೈಯೆಲ್ಲ ಅಂಟು. ಆಶೀರ್ವಾದ ಆಮೇಲೆ ನೋಡೋಣ, ಮೊದಲು ನಾರು ಬಿಡಿಸಿ," ಎಂದರು.

ಮೇಷ್ಟ್ರು ಬಿಡಿಸಿದರು. ನೆರಳು ಪೂರ್ತಿ ಸರಿದುಹೋಗುವವರೆಗೂ ಬಿಡಿಸಿದರು. ಬಸ್ಸು ಬಂದದ್ದೂ ಹೋದದ್ದೂ ಕೇಳಿಸಿತು, ಏಳಲಿಲ್ಲ.

ಶ್ರೀ ತಾಯಿಯವರ ಮಹಿಮೆ ಹೇಳುವವರು ಮೂಗನಿಗೆ ಮಾತು ಬಂದದ್ದನ್ನು, ಬತ್ತಿದ ಬಾವಿಯಲ್ಲಿ ನೀರು ಉಕ್ಕಿದ್ದನ್ನು ಹೇಳುತ್ತಾರೆ. ನಂಬುವವರು ನಂಬಲಿ. ಅಂದು ತೋಪಿನಲ್ಲಿ ಕೆಂಪಕ್ಕ ಕಣ್ಣಾರೆ ಕಂಡದ್ದು ಇಷ್ಟು: ಸಂಜೆ ಎಲೆ ಹಾಕಿದಾಗ, ಹೆಂಡತಿ ಹೋದ ಮೇಲೆ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲೇ ಏಳುತ್ತಿದ್ದ ಮೇಷ್ಟ್ರು, ಎಲೆ ಬಳಿದು ತಲೆಯೆತ್ತಿ, "ಸಾರು ಇನ್ನೊಂದು ಸೌಟು ಹಾಕಿ, ತಾಯಿ," ಎಂದರು.