ಕೋರ್ಟಿಗೆ ಹೋದ ಮರ

"ಅವ್ವಾ, ಕೆಟ್ಟ ಕಾನೂನು ಕೆಟ್ಟ ರಾಜನಿಂದ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ರಾಜನೇ ಇಲ್ಲದ ನಾಡಿನಲ್ಲಿ ಅದು ಎಲ್ಲಿಂದ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಗುರವ್ವ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಕಾಲು ಮಡಚಿ ಸರಿಯಾಗಿ ಕೂತುಕೋ ಮಗಾ. ಗೋಡೆಗೆ ಒರಗಬೇಡ, ನಿದ್ದೆ ಬರುತ್ತದೆ. ನಡುವೆ ಬಾಯಿ ಹಾಕಲೂಬೇಡ, ನನಗೆ ಎಳೆ ತಪ್ಪುತ್ತದೆ" ಎಂದು ಹೇಳಿ ಕತೆ ತೆಗೆದಳು.

ಕಡಲಾಚೆ ಅಮೆರಿಕ ಎನ್ನುವ ದೇಶವಿದೆಯಲ್ಲ, ಅದು ಇನ್ನೂ ಹಾಲುಗಲ್ಲದ ಕೂಸಾಗಿದ್ದ ಕಾಲ. ಇಂಗ್ಲೆಂಡಿನ ರಾಜನ ಆಳ್ವಿಕೆಯನ್ನು ಅಲ್ಲಿನವರು ಕಿತ್ತು ಎಸೆದಿದ್ದರು. ಇನ್ನು ನಮಗೆ ರಾಜ ಬೇಡ, ನಾವೇ ಕೂತು ಕಾನೂನು ಮಾಡಿಕೊಳ್ಳುತ್ತೇವೆ, ಆ ಕಾನೂನೇ ನಮಗೆ ರಾಜ ಎಂದು ಸಾರಿದ್ದರು. ಸಾರಿದವರಿಗೆ ಮಕ್ಕಳಾದರು. ಮಕ್ಕಳಿಗೆ ಕಡಲ ದಂಡೆಯ ಹಳೆಯ ನೆಲ ಸಾಲದಾಯಿತು. ಬೆಟ್ಟದ ಸಾಲು ದಾಟಿ ಪಡುವಣಕ್ಕೆ ಹೊರಟರು. ಅಲ್ಲಿ ಕಾಡಿತ್ತು. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಜನರೂ ಇದ್ದರು. ಸರ್ಕಾರ ಆ ಜನರಿಂದ ಕರಾರು ಬರೆಸಿಕೊಂಡು ಅವರನ್ನು ಅತ್ತ ಸರಿಸಿತು. ಕಾಡನ್ನು ಅಳೆದು, ತುಂಡು ಮಾಡಿ, ಮಾರಿತು.

ಹಾಗೆ ಒಂದು ತುಂಡು ಕೊಂಡವನು ಒಬ್ಬ ರೈತ. ಅವನ ಹೆಸರು ಸೈಲಸ್, ಹೆಂಡತಿಯ ಹೆಸರು ಡಾರ್ಕಸ್. ನಮ್ಮ ನಾಲಿಗೆಗೆ ಹೊರಳುವುದಿಲ್ಲ, ರೈತ ಎಂದೇ ಕರೆಯೋಣ. ದುಡಿಯುವವನು, ಹೇಳಿದ ಮಾತನ್ನು ಹೇಳಿದ ಹಾಗೆಯೇ ನಂಬುವವನು.

ನೆಲ ತೋರಿಸಲು ಸರ್ಕಾರದ ಅಳತೆಗಾರ ಬಂದ. ಸರಪಳಿ ಎಳೆದು ಗೆರೆ ಹಿಡಿದ. ನಾಲ್ಕು ಮೂಲೆಗೂ ಗೂಟ ಹೊಡೆದ. ಒಂದು ಮೂಲೆ ನೀರಿನ ಬುಗ್ಗೆಯ ಆಚೆಗೆ ಬಿತ್ತು. ಗೂಟ ಗೆದ್ದಲಿಗೆ ಹೋಗುತ್ತದಲ್ಲ, ಅದಕ್ಕಾಗಿ ಆ ಮೂಲೆಯಲ್ಲಿದ್ದ ದೊಡ್ಡ ಮರವೊಂದನ್ನು ಆರಿಸಿ, ಬುಡದ ಹತ್ತಿರ ತೊಗಟೆ ಕೆತ್ತಿ ಗುರುತು ಹಾಕಿದ. ಆ ಕಸುಬಿನವರು ಅಂಥ ಮರಕ್ಕೆ ಸಾಕ್ಷಿ ಮರ ಎನ್ನುತ್ತಾರೆ.

"ನೋಡಯ್ಯಾ, ನಾಳೆ ಯಾರಾದರೂ ತಕರಾರು ತೆಗೆದರೆ ಇವನೇ ನಿನ್ನ ಸಾಕ್ಷಿ" ಎಂದು ಮರದ ಬೆನ್ನಿಗೆ ಬಡಿದು ಹೇಳಿ, ಅಳತೆಗಾರ ಇನ್ನೂ ಪಡುವಣಕ್ಕೆ ಹೊರಟುಹೋದ. ಮುಂದೆ ಅಲ್ಲೆಲ್ಲೋ ಜ್ವರ ಬಂದು ಸತ್ತನಂತೆ.

ರೈತ ಬುಗ್ಗೆಯ ಪಕ್ಕದಲ್ಲಿ ಮನೆ ಕಟ್ಟಿದ. ಸುತ್ತಮುತ್ತ ಬೇರೆ ನೀರಿಲ್ಲ. ಹೆಂಡತಿ, ಮಕ್ಕಳು, ಹಸು, ಹೊಲ ಎಲ್ಲ ಆ ಬುಗ್ಗೆಯನ್ನು ನಂಬಿದವು.

ಆ ಮರವನ್ನು ನಂಬಿದವನು ಇನ್ನೊಬ್ಬನೂ ಇದ್ದ. ಕಾಡಿನ ಜನರಲ್ಲಿ ಒಬ್ಬ ಮುದುಕ. ಅದು ಸಿಹಿ ಮರ. ಚಳಿ ಇಳಿಯುವಾಗ ಅದರ ಮೈ ಕೊರೆದರೆ ಸಿಹಿ ನೀರು ಜಿನುಗುತ್ತದೆ. ಕಾಸಿದರೆ ನಮ್ಮ ಬೆಲ್ಲದ ಹಾಗೆ ಗಟ್ಟಿ ಕಟ್ಟುತ್ತದೆ. ಮುದುಕನ ಅಜ್ಜಿ ಅದರ ಬುಡದಲ್ಲಿ ಒಲೆ ಹೂಡಿದ್ದಳು, ತಾಯಿಯೂ ಹೂಡಿದ್ದಳು. ತನ್ನವರು ನದಿಯಾಚೆಗೆ ಹೋದ ಮೇಲೂ ಮುದುಕ ಆ ಕಾಲಕ್ಕೆ ಸರಿಯಾಗಿ ಬರುತ್ತಿದ್ದ. ಬೆಲ್ಲ ಕಾಸಿ, ಒಂದು ಉಂಡೆಯನ್ನು ರೈತನ ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದ. ರೈತನ ಮಕ್ಕಳು ಅವನನ್ನು ಬೆಲ್ಲದಜ್ಜ ಎನ್ನುತ್ತಿದ್ದರು. ರೈತನೂ ಬೇಡ ಎನ್ನಲಿಲ್ಲ.

ಪಕ್ಕದ ಕಾಡನ್ನೆಲ್ಲ ಪಟ್ಟಣದ ಒಬ್ಬ ವ್ಯಾಪಾರಿ ಕೊಂಡ. ಅವನಿಗೆ ಹಿಟ್ಟಿನ ಗಿರಣಿ ಹಾಕುವ ಮನಸ್ಸು. ಗಿರಣಿಗೆ ನೀರು ಬೇಕು. ಗೆರೆ ಬುಗ್ಗೆಯ ಆಚೆಗಲ್ಲ, ಈಚೆಗೆ ಹಾದಿದೆ ಎಂದ. ಬುಗ್ಗೆ ನನ್ನದು, ಅದರ ಪಕ್ಕದ ಮನೆಯೂ ನನ್ನ ನೆಲದಲ್ಲಿದೆ ಎಂದು ಕೋರ್ಟಿಗೆ ಹೋದ.

ಕೋರ್ಟಿನ ಜವಾನ ಕುದುರೆಯ ಮೇಲೆ ಬಂದು ಅಂಗಳದಲ್ಲೇ ನಿಂತು ಕೂಗಿದ. "ಬರುವ ಸೋಮವಾರ ಹಾಜರಾಗಬೇಕು. ನಿನ್ನ ಸಾಕ್ಷಿಯನ್ನು ಕರೆದುಕೊಂಡು ಬರಬೇಕು. ಸಾಕ್ಷಿ ಬರದಿದ್ದರೆ ತೀರ್ಪು ನಿನ್ನ ವಿರುದ್ಧ!" ಕುದುರೆ ತಿರುಗಿಸಿ ಹೋಗಿಯೇಬಿಟ್ಟ.

ರೈತ ಮರದ ಕಡೆ ನೋಡಿದ. ಹೆಂಡತಿ ರೈತನ ಕಡೆ ನೋಡಿದಳು.

"ಅದು ಹ್ಯಾಗೆ ಬರುತ್ತೆ?" ಎಂದಳು.

"ಎತ್ತು ಕಟ್ಟಿದರೆ ಬರುತ್ತೆ."

"ಬಂದು ಮಾತಾಡುತ್ತಾ?"

"ಅದರ ಮೈಮೇಲೆ ಸರ್ಕಾರದ ಗುರುತಿದೆ ಕಣೇ. ಅದಕ್ಕಿಂತ ಬೇರೆ ಮಾತು ಬೇಕಾ?"

"ನನಗೇನೋ ಸರಿಕಾಣುತ್ತಿಲ್ಲಪ್ಪ."

"ನನಗೂ ಕಾಣುತ್ತಿಲ್ಲ. ಆದರೆ ಕಾನೂನು ಹೇಳಿದ ಮೇಲೆ ಮುಗೀತು. ನಿನಗಿಂತ, ನನಗಿಂತ ತಿಳಿದವರು ಮಾಡಿರುತ್ತಾರೆ."

ಎರಡು ಸಲ ಕೊಡಲಿ ಕೆಳಗಿಟ್ಟ, ಎರಡು ಸಲ ಎತ್ತಿಕೊಂಡ. ಕೊನೆಗೆ ಕಡಿದ. ಗುರುತು ಬುಡದಲ್ಲಿತ್ತಲ್ಲ, ಬುಡ ಬಿಟ್ಟು ಹೋದರೆ ಅರ್ಧ ಸಾಕ್ಷಿ ತಂದಿದ್ದಾನೆ ಎಂದಾರು ಎಂದು ಬೇರನ್ನೂ ಅಗೆದು ತೆಗೆದ. ಕರು ಬಿದ್ದೀತು ಎಂದು ಹಳ್ಳ ಮುಚ್ಚಿ, ಮಣ್ಣು ತುಳಿದು ಸಮ ಮಾಡಿದ. ಅಷ್ಟು ಅಚ್ಚುಕಟ್ಟಿನವನು. ಗುರುತಿದ್ದ ಬುಡವನ್ನು ಗಾಡಿಗೆ ಏರಿಸಿ ಎತ್ತು ಕಟ್ಟಿದ.

ಆ ಊರಿನಲ್ಲಿ ಕೋರ್ಟಿಗೆಂದು ಬೇರೆ ಕಟ್ಟಡ ಇರಲಿಲ್ಲ. ಹೆಂಡದಂಗಡಿಯ ಮೇಜುಗಳನ್ನು ಗೋಡೆಗೆ ಸರಿಸಿದರೆ ಅದೇ ಕೋರ್ಟು. ಗಾಡಿ ಬಾಗಿಲಲ್ಲಿ ನಿಂತಿತು. ನ್ಯಾಯಾಧೀಶ ಹೊರಗೆ ಬಂದು ನೋಡಿದ. ಕೆಟ್ಟವನಲ್ಲ ಆ ನ್ಯಾಯಾಧೀಶ.

"ಇದೇನಪ್ಪಾ, ಸೌದೆ ತಂದಿದ್ದೀಯಾ?"

"ನನ್ನ ಸಾಕ್ಷಿ ಸ್ವಾಮಿ."

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಪ್ರಮಾಣ ಮಾಡಿಸಿ ಸ್ವಾಮಿ!" ಎಂದು ಒಬ್ಬ ಕೂಗಿದ. "ಕೈ ಎಲ್ಲಿದೆಯೋ, ಕೊಂಬೆ ಮನೆಯಲ್ಲೇ ಬಿಟ್ಟು ಬಂದಿದ್ದಾನೆ!" ಎಂದ ಇನ್ನೊಬ್ಬ. ವ್ಯಾಪಾರಿಯೂ ನಕ್ಕ. ರೈತನೂ ಸ್ವಲ್ಪ ನಕ್ಕ, ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ.

ನ್ಯಾಯಾಧೀಶ ಮಾತ್ರ ನಗಲಿಲ್ಲ. ಗುರುತನ್ನು ಕೈಯಿಂದ ಸವರಿದ.

"ಗುರುತು ಸರಿಯಾಗಿಯೇ ಇದೆ. ಆದರೆ ಅಯ್ಯಾ, ಈ ಮರ ಹೇಳುತ್ತಿದ್ದದ್ದು ಒಂದೇ ಮಾತು: ನಾನು ನಿಂತ ಜಾಗವೇ ಮೂಲೆ. ಈಗ ಇದು ಹೆಂಡದಂಗಡಿಯ ಬಾಗಿಲಲ್ಲಿದೆ. ಇದನ್ನು ನಂಬಿದರೆ ನಿನ್ನ ಹೊಲವನ್ನು ಇಲ್ಲೇ ಅಳೆದು ಕೊಡಬೇಕಾಗುತ್ತದೆ. ಮೊದಲು ಎಲ್ಲಿತ್ತು?"

"ಬುಗ್ಗೆಯ ಆಚೆ ಸ್ವಾಮಿ. ಹಳ್ಳ ಮುಚ್ಚಿದ ಮಣ್ಣು ಇನ್ನೂ ಹಸಿ ಇದೆ."

"ಹೊಸ ನೆಲದಲ್ಲಿ ಎಲ್ಲಿ ನೋಡಿದರೂ ಬುಡ ಕಿತ್ತ ಹಳ್ಳ, ಹಸಿ ಮಣ್ಣು. ಯಾವ ಹಳ್ಳ ಎಂದು ನಾನು ಹೇಗೆ ನಂಬಲಿ?" ಎಂದ ವ್ಯಾಪಾರಿ.

ಅದು ತಪ್ಪು ಮಾತೂ ಆಗಿರಲಿಲ್ಲ. ನ್ಯಾಯಾಧೀಶ ಗಡ್ಡ ಕೆರೆದುಕೊಂಡ. "ಅಳತೆಗಾರ ಸತ್ತಿದ್ದಾನೆ, ಗೂಟಗಳು ಗೆದ್ದಲಿಗೆ ಹೋಗಿವೆ. ನಿನ್ನ ಮಾತು ನಿನ್ನದೇ ಪರ, ಹೆಂಡತಿಯ ಮಾತೂ ಅಷ್ಟೇ. ಮರ ಎಲ್ಲಿ ನಿಂತಿತ್ತು ಎಂದು ಬಲ್ಲ ಇನ್ನೊಬ್ಬರು ಇದ್ದರೆ ಕರೆದುಕೊಂಡು ಬಾ. ನಾಳೆಯವರೆಗೆ ಕಾಯುತ್ತೇನೆ."

ರೈತ ಮನೆಗೆ ಬಂದ. ಮುದುಕ ಗಡಿಗೆ ಹೊತ್ತುಕೊಂಡು ಬುಗ್ಗೆಯ ಆಚೆ ನಿಂತು, ಬರಿಯ ಮಣ್ಣನ್ನು ನೋಡುತ್ತಿದ್ದ. ಬೆಲ್ಲದ ಕಾಲ ಬಂದಿತ್ತು.

"ಮರ ಎಲ್ಲಿ ತಮ್ಮಾ?"

"ಕೋರ್ಟಿಗೆ ಹೋಗಿದೆ ಅಜ್ಜಾ."

ಮುದುಕ ಗಡಿಗೆ ಕೆಳಗಿಟ್ಟ. "ಯಾವಾಗ ಬರುತ್ತದೆ?" ಎಂದ.

ರೈತ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ತಲೆಬುಡ ತಿಳಿಯದೆ ಹೋಯಿತು. ಆದರೂ ಒಂದು ತಿಳಿಯಿತು. ಮರ ನಿಂತಿದ್ದ ಜಾಗ ಹೆಜ್ಜೆ ತಪ್ಪದೆ ಬಲ್ಲವನು ಎದುರಿಗೇ ಇದ್ದಾನೆ. ಅವನಿಗೆ ಈ ನೆಲದಲ್ಲಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ, ಅವನ ಮಾತು ಯಾರ ಪರವೂ ಅಲ್ಲ.

ಮರುದಿನ ಇಬ್ಬರೂ ಗಾಡಿಯಲ್ಲಿ ಹೊರಟರು. ದಾರಿಯಲ್ಲಿ ರೈತನಿಗೆ ಒಂದು ಹೆದರಿಕೆ ಹುಟ್ಟಿತು. "ಅಜ್ಜಾ, ಮರ ಎಲ್ಲಿತ್ತು ಎನ್ನುವುದನ್ನು ಮಾತ್ರ ಹೇಳು. ಆ ನೆಲ ಯಾರದು ಎಂದು ಹೇಳಬೇಡ" ಎಂದ.

"ಅವರು ಕೇಳಿದರೆ?"

"ಅವರು ಕೇಳುವುದಿಲ್ಲ."

ಮುದುಕ ತಲೆಯಾಡಿಸಿದ. ನಗುತ್ತಿದ್ದನೋ ಏನೋ, ರೈತ ತಿರುಗಿ ನೋಡಲಿಲ್ಲ.

ನ್ಯಾಯಾಧೀಶ ಮುದುಕನನ್ನು ನೋಡಿದ ಕೂಡಲೇ ಮುಖ ಸಪ್ಪಗೆ ಮಾಡಿದ. "ಇವನನ್ನು ಕರೆದುಕೊಂಡು ಬಂದೆಯಾ? ಇವನ ಮಾತು ನಾನು ಕೇಳುವ ಹಾಗಿಲ್ಲವಪ್ಪಾ."

"ಸುಳ್ಳು ಹೇಳುವವನಲ್ಲ ಸ್ವಾಮಿ. ಹುಟ್ಟಿದಾಗಿನಿಂದ ಆ ಮರ ಬಲ್ಲ."

"ಬಲ್ಲನೆಂದು ನನಗೂ ಗೊತ್ತು. ಆದರೆ ಕಾಡಿನ ಜನರು ನಮ್ಮವರ ವಿರುದ್ಧ ಸಾಕ್ಷಿ ಹೇಳಬಾರದೆಂದು ಕಾನೂನಿದೆ. ವ್ಯಾಪಾರಿ ನಮ್ಮವನು."

"ಮರ ಸಾಕ್ಷಿ ಹೇಳಬಹುದು, ಮನುಷ್ಯ ಹೇಳಬಾರದೇ?"

"ಮರಕ್ಕೆ ಕಾನೂನಿನಲ್ಲಿ ಜಾಗವಿದೆ. ಇವನಿಗಿಲ್ಲ."

ರೈತನ ಮೈಯೆಲ್ಲ ಉರಿಯಿತು. "ಯಾವ ರಾಜ ಮಾಡಿದ ಕಾನೂನು ಸ್ವಾಮಿ ಇದು? ರಾಜರನ್ನೆಲ್ಲ ಓಡಿಸಿ ಆಯಿತು ಎಂದಿರಲ್ಲ!" ಎಂದು ಕೂಗಿದ.

ನ್ಯಾಯಾಧೀಶ ದನಿ ಏರಿಸಲಿಲ್ಲ. "ಹೋದ ಸುಗ್ಗಿಯಲ್ಲಿ ಇದೇ ಅಂಗಡಿಯಲ್ಲಿ ಸಭೆ ಸೇರಿತ್ತು. ಇಂಥದೊಂದು ಕಾನೂನು ಬೇಕೆಂದು ಕೇಳೋಣವೇ ಎಂದಾಗ ಎಲ್ಲರೂ ಕೈ ಎತ್ತಿದರು. ಅದನ್ನೇ ಮೇಲಿನವರು ಕಾನೂನು ಮಾಡಿ ಕಳಿಸಿದರು. ನೀನು ಬಂದಿರಲಿಲ್ಲವೇ?"

ರೈತ ಬಂದಿದ್ದ. ಆ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಯಾವುದಕ್ಕೆ ಎಂದು ಸರಿಯಾಗಿ ಕೇಳಿಸಿರಲಿಲ್ಲ. ಅರ್ಧ ಕೇಳಿಸಿತ್ತು, ಕಾಡಿನವರ ವಿಷಯ, ನನಗೇನು ಎಂದುಕೊಂಡಿದ್ದ. ಅಕ್ಕಪಕ್ಕದವರು ಎತ್ತಿದರು, ತಾನೂ ಎತ್ತಿದ. ಆಮೇಲೆ ಎಲ್ಲರೂ ಕೂಡಿ ಕುಡಿದಿದ್ದರು.

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಬೈಯಬೇಕೆಂದು ಬಾಯಿ ತೆರೆದ. ಯಾರನ್ನು ಬೈಯುವುದು? ರಾಜನಿದ್ದಿದ್ದರೆ ರಾಜನನ್ನು ಬೈಯಬಹುದಿತ್ತು. ನ್ಯಾಯಾಧೀಶನನ್ನು ಬೈಯೋಣವೆಂದರೆ ಅವನು ಬರೆದಿದ್ದನ್ನು ಓದುತ್ತಿದ್ದಾನೆ. ವ್ಯಾಪಾರಿಯನ್ನು ಬೈಯೋಣವೆಂದರೆ ಆ ಸಭೆಯ ದಿನ ಅವನು ಊರಿನಲ್ಲೇ ಇರಲಿಲ್ಲ.

"ಏನಂತೆ ತಮ್ಮಾ? ನಾನು ಹೇಳಲೇ?" ಎಂದು ಮುದುಕ ಕೇಳಿದ.

"ಬೇಡವಂತೆ ಅಜ್ಜಾ."

"ಯಾರದು ಎಂದು ನಾನು ಹೇಳುತ್ತಿರಲಿಲ್ಲ. ನೀನು ಬೇಡ ಎಂದಿದ್ದೆಯಲ್ಲ."

ರೈತ ಅವನ ಮುಖ ನೋಡಲಾರದೆ ಹೊರಗೆ ಬಂದ.

ಬುಗ್ಗೆ ವ್ಯಾಪಾರಿಗೆ ಹೋಯಿತು, ಮನೆಯೂ ಹೋಯಿತು. ಗಿರಣಿ ಚೆನ್ನಾಗಿ ನಡೆಯಿತು. ವ್ಯಾಪಾರಿ ಮುಂದೆ ಆ ಸೀಮೆಯಿಂದ ಆರಿಸಿ ಬಂದು, ಕಾನೂನು ಮಾಡುವವರ ಸಾಲಿನಲ್ಲೇ ಕೂತ. ನ್ಯಾಯಾಧೀಶ ದೊಡ್ಡ ಕೋರ್ಟಿಗೆ ಹೋದ. ಆ ತೀರ್ಪನ್ನು ನೆನೆದಾಗಲೆಲ್ಲ ನಿದ್ದೆ ಕೆಡುತ್ತಿತ್ತು ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದನಂತೆ. ಕೋರ್ಟಿನಲ್ಲಿ ಎಂದೂ ಹೇಳಲಿಲ್ಲ. ಮುದುಕ ಗಡಿಗೆಯನ್ನು ರೈತನ ಹೆಂಡತಿ ಡಾರ್ಕಸಳ ಕೈಗೆ ಕೊಟ್ಟು ನದಿ ದಾಟಿದ. ಸರ್ಕಾರದವರು ಹೊಸ ಕರಾರು ತಂದು ಅವನ ಜನರನ್ನು ಅಲ್ಲಿಂದಲೂ ಎಬ್ಬಿಸಿದರು. ಆ ನಡಿಗೆಯಲ್ಲಿ ದಾರಿಯ ಮೇಲೆಯೇ ಅವನು ತೀರಿಕೊಂಡ. ಡಾರ್ಕಸ್ ಆ ಗಡಿಗೆಯಲ್ಲಿ ಬಹಳ ಕಾಲ ಹಾಲು ಕಾಸಿದಳು. ರೈತ ಮಕ್ಕಳನ್ನು ಗಾಡಿಗೆ ಏರಿಸಿಕೊಂಡು ಇನ್ನಷ್ಟು ಪಡುವಣಕ್ಕೆ ಹೋದ. ಅಲ್ಲಿಯೂ ಅಳತೆಗಾರರು ಸರಪಳಿ ಎಳೆಯುತ್ತಿದ್ದರು. ಒಂದು ತುಂಡು ನೆಲ ಸಿಕ್ಕಿತು, ಉತ್ತ, ಬಿತ್ತಿದ, ಹೊಟ್ಟೆ ತುಂಬ ಉಂಡ. ಕೆಲವು ಕಾಲದ ಮೇಲೆ ಅಲ್ಲಿಯೂ ಒಂದು ಸಭೆ ಸೇರಿತು. ಕಾಡಿನ ಜನರ ಸಾಕ್ಷಿ ಇಲ್ಲಿಯೂ ಬೇಡ ಎನ್ನುವವರು ಕೈ ಎತ್ತಿ ಎಂದು ಕೇಳಿದರು.

ಗುರವ್ವ ಅಷ್ಟಕ್ಕೆ ನಿಲ್ಲಿಸಿ, ಅವರೆಕಾಯಿಯ ಮೊರವನ್ನು ಮತ್ತೆ ಎಳೆದುಕೊಂಡಳು.

ಶಿಷ್ಯ ಕಾದ. ಆಮೇಲೆ ತಡೆಯಲಾರದೆ, "ಈ ಸಲ ರೈತ ಎತ್ತಲಿಲ್ಲ ಅಲ್ಲವೇ ಅವ್ವಾ?" ಎಂದು ಕೇಳಿದ.

"ಎತ್ತಿದ ಮಗಾ, ಪಕ್ಕದವರೆಲ್ಲ ಎತ್ತಿದ್ದರಲ್ಲ."